ಕಮ್ಯುನಿಟಿ ಕಾಲೇಜಿನಿಂದ ಹೆಸರಾಂತ ವಿಶ್ವವಿದ್ಯಾಲಯದ ಅಕೌಂಟಿಂಗ್ ಪದವಿಗೆ: ಕ್ಯಾಲಿಫೋರ್ನಿಯಾದ ದಾರಿ, ಹಂತ ಹಂತವಾಗಿ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಮಗಳೋ ಮಗನೋ ಕಮ್ಯುನಿಟಿ ಕಾಲೇಜಿಗೆ ಸೇರುವ ಸುದ್ದಿಯನ್ನು ತಗ್ಗಿದ ದನಿಯಲ್ಲಿ ಹೇಳುವ ರೂಢಿ ಇನ್ನೂ ಹೋಗಿಲ್ಲ. ನನಗೆ ಇದು ಬೇಸರ ತರಿಸುತ್ತದೆ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣದ ಮಹಾಯೋಜನೆಯನ್ನು ರೂಪಿಸಿದಾಗಲೇ, ಮೊದಲೆರಡು ವರ್ಷ ಮನೆ ಹತ್ತಿರದ ಕಾಲೇಜಿನಲ್ಲಿ ಓದಿ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದಕ್ಕೆ ಅದರಲ್ಲಿ ಮುಖ್ಯ ಸ್ಥಾನ ಕೊಟ್ಟಿತ್ತು. ಇಂದು ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಪಾಠದ ಭಾರವನ್ನು ಯೂನಿಟ್‌ಗಳಲ್ಲಿ ಅಳೆಯುತ್ತಾರೆ; ರಾಜ್ಯದ ನಿವಾಸಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ ಶುಲ್ಕ. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ, ಅಂದರೆ ಯುಸಿಯಲ್ಲಿ, ಊಟ ವಸತಿಯ ಲೆಕ್ಕ ಬಿಟ್ಟೂ ವರ್ಷದ ಶುಲ್ಕ ಸುಮಾರು 15 ಸಾವಿರ ಡಾಲರ್ ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಕೊನೆಗೆ ಕೈಗೆ ಬರುವ ಪದವಿ ಪತ್ರದ ಮೇಲೆ ಇರುವುದು ವಿಶ್ವವಿದ್ಯಾಲಯದ ಹೆಸರು ಮಾತ್ರ.

ಆದರೂ ಈ ದಾರಿಯಲ್ಲಿ ಎಡವುವವರು ಬಹಳ. ಹೆಚ್ಚಿನವರು ಎಡವುವುದು ಬುದ್ಧಿ ಸಾಲದೆ ಅಲ್ಲ. ಬೇಕಾದ ವಿಷಯವನ್ನು ಬೇಕಾದ ಹೊತ್ತಿಗೆ ಓದದೆ. ಎರಡನೆಯ ವರ್ಷದ ಅಕ್ಟೋಬರ್‌ನಲ್ಲಿ ಅರ್ಜಿ ತುಂಬಲು ಕೂರುವಷ್ಟರಲ್ಲಿ ನಿಮ್ಮ ಅಂಕಪಟ್ಟಿಯ ಅರ್ಧಕ್ಕಿಂತ ಹೆಚ್ಚು ಭಾಗ ಬರೆದು ಮುಗಿದಿರುತ್ತದೆ. ಆದ್ದರಿಂದ ಟ್ರಾನ್ಸ್‌ಫರ್‌ನ, ಅಂದರೆ ಹೀಗೆ ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದರ, ಕೆಲಸ ಕಾಲೇಜಿನ ಮೊದಲ ವಾರದಲ್ಲೇ ಶುರುವಾಗಬೇಕು, ಅದೂ ಹಿಂದಿನಿಂದ ಮುಂದಕ್ಕೆ: ಮೊದಲು ಸೇರಬೇಕಾದ ಪದವಿ, ಆಮೇಲೆ ಅದು ಕೇಳುವ ವಿಷಯಗಳು, ಕೊನೆಗೆ ಈ ಟರ್ಮ್‌ನ ವೇಳಾಪಟ್ಟಿ.

ಹಂತ 1: ಯಾವ ಪದವಿ ಎಂದು ನಿಖರವಾಗಿ ತಿಳಿಯಿರಿ

ಅಕೌಂಟಿಂಗ್ ಎಂಬ ಹೆಸರಿನ ಪದವಿ ಎಲ್ಲ ಕಡೆಯೂ ಇರುವುದಿಲ್ಲ. ಯುಸಿಯ ಬರ್ಕ್ಲಿ ಕ್ಯಾಂಪಸ್‌ನ ಹಾಸ್ ಶಾಲೆ ಕೊಡುವುದು ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವಿ. ಅಕೌಂಟಿಂಗ್ ಅಲ್ಲಿ ಆಯ್ಕೆಯ ವಿಷಯಗಳಾಗಿ ಸಿಗುತ್ತದೆ. ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ ಆದ ಯುಸಿಎಲ್‌ಎಯಲ್ಲಿ ಬಿಸಿನೆಸ್ ಎಕನಾಮಿಕ್ಸ್ ಮುಖ್ಯ ವಿಷಯ, ಅಕೌಂಟಿಂಗ್ ಉಪವಿಷಯ. ಸ್ಯಾಂಟಾ ಬಾರ್ಬರಾದಲ್ಲಿ ಎಕನಾಮಿಕ್ಸ್ ಅಂಡ್ ಅಕೌಂಟಿಂಗ್ ಎಂಬ ಜೋಡಿ ಪದವಿಯೇ ಇದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ, ಅಂದರೆ ಸಿಎಸ್‌ಯುನಲ್ಲಿ, ಸ್ಯಾನ್ ಹೋಸೆ ಸ್ಟೇಟ್, ಫುಲ್ಲರ್ಟನ್, ಸ್ಯಾನ್ ಲೂಯಿಸ್ ಒಬಿಸ್ಪೋದ ಕ್ಯಾಲ್ ಪಾಲಿ ಮೊದಲಾದ ಕಡೆ ಬಿಸಿನೆಸ್ ಪದವಿಯೊಳಗೆ ಅಕೌಂಟಿಂಗ್ ವಿಶೇಷ ಅಧ್ಯಯನವಿದೆ. ಖಾಸಗಿ ವಿಶ್ವವಿದ್ಯಾಲಯಗಳ ಪೈಕಿ ಲಾಸ್ ಏಂಜಲೀಸ್‌ನ ಯುಎಸ್‌ಸಿಗೆ ಲೆವೆಂಥಾಲ್ ಎಂಬ ಪ್ರತ್ಯೇಕ ಅಕೌಂಟಿಂಗ್ ಶಾಲೆಯೇ ಇದೆ.

ಸಿಪಿಎ, ಅಂದರೆ ಸರ್ಕಾರದ ಪರವಾನಗಿ ಪಡೆದ ಲೆಕ್ಕಪರಿಶೋಧಕ, ಆಗುವ ಗುರಿ ಗಟ್ಟಿಯಾಗಿರುವವರಿಗೆ ನನ್ನ ಮಾತು ಇಷ್ಟು: ಹೆಸರಿಗೆ ಮರುಳಾಗುವ ಮೊದಲು ಆ ಪದವಿಯಲ್ಲಿ ಇಂಟರ್‌ಮೀಡಿಯೆಟ್ ಅಕೌಂಟಿಂಗ್, ಲೆಕ್ಕಪರಿಶೋಧನೆ, ತೆರಿಗೆ ಈ ಮೂರೂ ಪೂರ್ಣವಾಗಿ ಸಿಗುತ್ತವೆಯೇ ನೋಡಿ. ಲೆಕ್ಕಪರಿಶೋಧನಾ ಸಂಸ್ಥೆಗಳು ನೇಮಕಾತಿಗೆ ಸ್ಯಾನ್ ಹೋಸೆ ಸ್ಟೇಟ್‌ಗೂ ಬರುತ್ತವೆ, ಫುಲ್ಲರ್ಟನ್‌ಗೂ ಬರುತ್ತವೆ. ಪಟ್ಟಿಯಲ್ಲಿ ಕೈಗೆಟುಕುವುದು ಕಷ್ಟವೆನಿಸುವ ಒಂದೆರಡು, ಸಾಧ್ಯವೆನಿಸುವ ಎರಡು, ಖಂಡಿತ ಸಿಗುವ ಒಂದು ಇರಲಿ. ಆ ಕೊನೆಯದಕ್ಕೂ ಮನಸ್ಸಾರೆ ಹೋಗಬಲ್ಲಿರಾ ಎಂದು ಈಗಲೇ ಕೇಳಿಕೊಳ್ಳಿ.

ಹಂತ 2: ಅಸಿಸ್ಟ್ ಜಾಲತಾಣವನ್ನು ಸಾಲುಸಾಲಾಗಿ ಓದಿ

ಕಮ್ಯುನಿಟಿ ಕಾಲೇಜಿನ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವ ವಿಷಯಕ್ಕೆ ಸಮ ಎನ್ನುವ ಅಧಿಕೃತ ಒಪ್ಪಂದಗಳು ಅಸಿಸ್ಟ್ ಎಂಬ ಜಾಲತಾಣದಲ್ಲಿವೆ. ವರ್ಷ, ನಿಮ್ಮ ಕಾಲೇಜು, ಸೇರಬೇಕಾದ ಕ್ಯಾಂಪಸ್ ಆರಿಸಿ, ಪದವಿಯ ಹೆಸರಿನಡಿ ಹುಡುಕಿ. ಎಡಗಡೆ ವಿಶ್ವವಿದ್ಯಾಲಯ ಕೇಳುವುದು, ಬಲಗಡೆ ನಿಮ್ಮ ಕಾಲೇಜು ಕೊಡುವುದು. ಇಲ್ಲಿ ಎರಡು ಪುಟ್ಟ ಪದಗಳ ಮೇಲೆ ಕಣ್ಣಿಡಬೇಕು: 'ಅಂಡ್' ಎಂದಿದ್ದರೆ ಎರಡನ್ನೂ ಓದಬೇಕು, 'ಆರ್' ಎಂದಿದ್ದರೆ ಒಂದು ಸಾಕು. ಸಮಾನ ವಿಷಯವೇ ಇಲ್ಲ ಎಂದು ಬರೆದಿದ್ದರೆ ಅದನ್ನು ಪಕ್ಕದ ಕಾಲೇಜಿನಲ್ಲಿ ಓದಲು ಸಾಧ್ಯವೇ ನೋಡಿ. ಫ್ರೀಮಾಂಟ್‌ನ ಓಲೋನಿಯಲ್ಲಿ ಓದುತ್ತಿರುವವರು ಕ್ಯುಪರ್ಟಿನೊದ ಡಿ ಆಂಜಾದಲ್ಲೋ ಹೇವರ್ಡ್‌ನ ಶಾಬೋದಲ್ಲೋ ಒಂದು ವಿಷಯ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ನಿಮ್ಮ ಪಟ್ಟಿಯ ಪ್ರತಿಯೊಂದು ಕ್ಯಾಂಪಸ್‌ಗೂ ಈ ಒಪ್ಪಂದವನ್ನು ಮುದ್ರಿಸಿಕೊಂಡು, ಎಲ್ಲವೂ ಕೇಳುವ ವಿಷಯಗಳಿಗೆ ಗುರುತು ಹಾಕಿ. ಅವೇ ಮೊದಲ ವರ್ಷದ ವಿಷಯಗಳು. ಅಸಿಸ್ಟ್‌ನಲ್ಲಿ ಇರುವುದು ಮುಖ್ಯವಾಗಿ ಸರ್ಕಾರಿ ವಿಶ್ವವಿದ್ಯಾಲಯಗಳು. ಯುಎಸ್‌ಸಿಯಂಥ ಖಾಸಗಿ ಸಂಸ್ಥೆಯ ಒಪ್ಪಂದ ಅದರದೇ ಜಾಲತಾಣದಲ್ಲಿರುತ್ತದೆ. ಮುದ್ರಿಸಿದ್ದನ್ನು ಹಿಡಿದುಕೊಂಡು ಕಾಲೇಜಿನ ಟ್ರಾನ್ಸ್‌ಫರ್ ಕೇಂದ್ರದ ಸಲಹೆಗಾರರನ್ನು ಕಾಣಿ. ಬರಿಗೈಯಲ್ಲಿ ಹೋಗಿ ಏನು ಓದಲಿ ಎಂದು ಕೇಳಿದರೆ ಸಾಮಾನ್ಯ ಉತ್ತರವೇ ಸಿಗುತ್ತದೆ.

ಹಂತ 3: ತಳಪಾಯದ ವಿಷಯಗಳು

ಪಟ್ಟಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಹಣಕಾಸು ಲೆಕ್ಕಶಾಸ್ತ್ರ, ನಿರ್ವಹಣಾ ಲೆಕ್ಕಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ, ಸಮಷ್ಟಿ ಅರ್ಥಶಾಸ್ತ್ರ, ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆ. ಸಿಎಸ್‌ಯುಗೆ ಹೋಗುವವರು ವ್ಯಾಪಾರ ಕಾನೂನನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಇವುಗಳಲ್ಲಿ ಬಾಗಿಲು ತೆರೆಯುವುದೂ ಮುಚ್ಚುವುದೂ ಕ್ಯಾಲ್ಕುಲಸ್. ಹೆಚ್ಚಿನ ಕಾಲೇಜುಗಳಲ್ಲಿ ಎರಡು ಬಗೆ ಇರುತ್ತದೆ: ಬಿಸಿನೆಸ್ ವಿದ್ಯಾರ್ಥಿಗಳಿಗೆಂದೇ ಮಾಡಿದ, ಒಂದೇ ಟರ್ಮ್‌ನಲ್ಲಿ ಮುಗಿಯುವ ಹಗುರ ಪಾಠ ಮತ್ತು ವಿಜ್ಞಾನದವರು ಓದುವ ಪೂರ್ಣ ಸರಣಿ. ಹಗುರ ಪಾಠ ಅನೇಕ ಸಿಎಸ್‌ಯು ಕ್ಯಾಂಪಸ್‌ಗಳಿಗೆ ಸಾಕು. ಯುಸಿಎಲ್‌ಎ ಬಿಸಿನೆಸ್ ಎಕನಾಮಿಕ್ಸ್‌ಗೆ ಪೂರ್ಣ ಸರಣಿಯೇ ಬೇಕು. ಮೊದಲ ವರ್ಷ ಸುಲಭದ್ದನ್ನು ಆರಿಸಿಕೊಂಡವರು ಎರಡನೆಯ ವರ್ಷ ಮನಸ್ಸು ಬದಲಾಯಿಸಿದರೆ ಮತ್ತೆ ಶುರುವಿನಿಂದ ಓದಬೇಕು. ಪೂರ್ಣ ಸರಣಿಯನ್ನು ನಿಭಾಯಿಸುವ ಶಕ್ತಿ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಪೂರ್ವಸಿದ್ಧತೆ ಸಾಲದವರು ಪ್ರೀಕ್ಯಾಲ್ಕುಲಸ್ ಅನ್ನು ಮೊದಲ ಬೇಸಿಗೆಗೇ ಮುಗಿಸಲಿ. ಗಣಿತ ಒಂದು ಟರ್ಮ್ ತಡವಾದರೆ ಮುಂದಿನ ಎಲ್ಲವೂ ತಡವಾಗುತ್ತವೆ.

ಎರಡನೆಯ ಎಚ್ಚರ ಅಕೌಂಟಿಂಗ್ ಸರಣಿಯದು. ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರ್ ಪದ್ಧತಿಯವು, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಟರ್ಮ್. ಹೆಚ್ಚಿನ ಇತರ ಕಾಲೇಜುಗಳು ಸೆಮಿಸ್ಟರ್ ಪದ್ಧತಿಯವು. ಒಂದು ಸೆಮಿಸ್ಟರ್ ಯೂನಿಟ್ ಎಂದರೆ ಒಂದೂವರೆ ಕ್ವಾರ್ಟರ್ ಯೂನಿಟ್. ಸೆಮಿಸ್ಟರ್ ಕಾಲೇಜಿನಲ್ಲಿ ಎರಡು ಪಾಠಗಳಲ್ಲಿ ಮುಗಿಯುವ ಅಕೌಂಟಿಂಗ್ ಡಿ ಆಂಜಾದಲ್ಲಿ ಮೂರು ಕ್ವಾರ್ಟರ್‌ಗಳ ಸರಣಿ. ಅರ್ಧ ಸರಣಿ ಒಂದು ಕಡೆ, ಇನ್ನರ್ಧ ಮತ್ತೊಂದು ಕಡೆ ಓದಿದರೆ ಎರಡೂ ಹೊಂದದೆ ಹೋಗುವ ಅಪಾಯವಿದೆ. ಎಲ್ಲಿ ಶುರು ಮಾಡಿದಿರೋ ಅಲ್ಲೇ ಮುಗಿಸಿ.

ಕರ್ನಾಟಕದಲ್ಲಿ ಪಿಯುಸಿ ವಾಣಿಜ್ಯ ಓದಿ ಬಂದವರಿಗೆ ರೋಜುನಾಮೆ, ಖಾತೆ, ತಾಳೆಪಟ್ಟಿ ಎಲ್ಲ ಪರಿಚಿತವೇ. ಆ ಧೈರ್ಯದಲ್ಲಿ ತರಗತಿಯನ್ನು ಹಗುರವಾಗಿ ಕಾಣಬೇಡಿ. ಇಲ್ಲಿ ಪಾಠ ನಡೆಯುವುದು ಅಮೆರಿಕದ ಲೆಕ್ಕಪತ್ರ ನಿಯಮಗಳ ಪ್ರಕಾರ. ಆಸ್ತಿ ಎಂದರೆ ಹೊಣೆ ಮತ್ತು ಮಾಲೀಕರ ಬಂಡವಾಳದ ಮೊತ್ತ ಎಂಬ ಸಮೀಕರಣದಿಂದಲೇ ಎಲ್ಲವನ್ನೂ ಕಟ್ಟುತ್ತಾರೆ. ವ್ಯಕ್ತಿ ಖಾತೆ, ವಾಸ್ತವ ಖಾತೆ, ನಾಮಮಾತ್ರ ಖಾತೆ ಎಂದು ಬಾಯಿಪಾಠ ಮಾಡಿದ ನಿಯಮಗಳಿಂದ ಉತ್ತರ ಸಿಕ್ಕೀತು; ಆದರೆ ಪರೀಕ್ಷೆಯಲ್ಲಿ ಕೇಳುವುದು ಒಂದು ವ್ಯವಹಾರ ಯಾವ ಪಟ್ಟಿಯ ಯಾವ ಸಾಲನ್ನು ಅಲುಗಿಸುತ್ತದೆ ಎಂದು.

ಇನ್ನೊಂದು: ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ ಇಂಟರ್‌ಮೀಡಿಯೆಟ್ ಅಕೌಂಟಿಂಗ್, ತೆರಿಗೆ ಪಾಠಗಳೂ ಇವೆ. ಅವನ್ನು ಮೊದಲೇ ಓದಿದರೆ ಮುಂದೆ ಸಮಯ ಉಳಿಯುತ್ತದೆ ಎಂದು ಹಲವರು ಲೆಕ್ಕ ಹಾಕುತ್ತಾರೆ. ವಿಶ್ವವಿದ್ಯಾಲಯಗಳಲ್ಲಿ ಇವು ಮೂರನೆಯ, ನಾಲ್ಕನೆಯ ವರ್ಷದ ವಿಷಯಗಳು. ಸಾಮಾನ್ಯವಾಗಿ ಅಲ್ಲಿಯೇ ಮತ್ತೆ ಓದಬೇಕಾಗುತ್ತದೆ. ಟ್ರಾನ್ಸ್‌ಫರ್‌ಗೆ ಮೊದಲು ಅವುಗಳ ಗೊಡವೆ ಬೇಡ.

ಹಂತ 4: ಸಾಮಾನ್ಯ ಶಿಕ್ಷಣ

2025ರ ಶರತ್ಕಾಲದಿಂದ ಹೊಸದಾಗಿ ಸೇರುವವರಿಗೆ ಕ್ಯಾಲ್‌ಗೆಟ್ಸಿ ಎಂಬ ಒಂದೇ ಪಟ್ಟಿ ಯುಸಿ, ಸಿಎಸ್‌ಯು ಎರಡಕ್ಕೂ ಅನ್ವಯಿಸುತ್ತದೆ: 11 ವಿಷಯ, 34 ಸೆಮಿಸ್ಟರ್ ಯೂನಿಟ್. ಅರ್ಥಶಾಸ್ತ್ರ, ಗಣಿತ, ಇಂಗ್ಲಿಷ್ ಇದರೊಳಗೂ ಎಣಿಕೆಯಾಗುವುದರಿಂದ ಹೊರೆ ಕಾಣುವಷ್ಟು ದೊಡ್ಡದಲ್ಲ. ವೇಳಾಪಟ್ಟಿಯಲ್ಲಿ ಜಾಗ ಸಾಲದಿದ್ದರೆ ತಳಪಾಯದ ವಿಷಯಗಳಿಗೇ ಮೊದಲ ಮಣೆ. ಯುಸಿಗೆ ಕನಿಷ್ಠ 60 ಸೆಮಿಸ್ಟರ್ ಯೂನಿಟ್ ಅಥವಾ 90 ಕ್ವಾರ್ಟರ್ ಯೂನಿಟ್ ಬೇಕು. ಸೇರುವ ವರ್ಷದ ವಸಂತ ಟರ್ಮ್‌ನೊಳಗೆ ಅಷ್ಟೂ ಮುಗಿದಿರಬೇಕು. ಕ್ವಾರ್ಟರ್ ಕಾಲೇಜಿನಲ್ಲಿ ಬೇಸಿಗೆ ಬಿಟ್ಟರೆ ಆರು ಟರ್ಮ್, ಅಂದರೆ ಟರ್ಮ್‌ಗೆ 15 ಯೂನಿಟ್.

ಹಂತ 5: ಜಿಪಿಎ

ರಾಜ್ಯದ ನಿವಾಸಿಗೆ ಯುಸಿ ಕೇಳುವ ಕನಿಷ್ಠ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕಿದ ಶ್ರೇಣಿಗಳ ಸರಾಸರಿ, 2.4, ಹೊರಗಿನವರಿಗೆ 2.8. ಈ ಅಂಕಿಗಳನ್ನು ನೋಡಿ ನೆಮ್ಮದಿಯಾಗಬೇಡಿ. ಹಾಸ್‌ಗೋ ಯುಸಿಎಲ್‌ಎ ಬಿಸಿನೆಸ್ ಎಕನಾಮಿಕ್ಸ್‌ಗೋ ಪ್ರವೇಶ ಪಡೆದವರ ಜಿಪಿಎ ಬಹುಮಟ್ಟಿಗೆ 3.8ರ ಮೇಲೆಯೇ ಇರುತ್ತದೆ. ಪದವಿವಾರು ಎಷ್ಟು ಅರ್ಜಿ ಬಂದವು, ಎಷ್ಟು ಮಂದಿಗೆ ಪ್ರವೇಶ ಸಿಕ್ಕಿತು, ಅವರ ಜಿಪಿಎ ಯಾವ ವ್ಯಾಪ್ತಿಯಲ್ಲಿತ್ತು ಎನ್ನುವುದನ್ನು ಯುಸಿಯೇ ತನ್ನ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಬಂಧುಗಳ, ಗೆಳೆಯರ ಅಂದಾಜಿಗಿಂತ ಅದನ್ನು ನಂಬಿ.

ಎ, ಬಿ, ಸಿ ಶ್ರೇಣಿ ಬಂದ ವಿಷಯವನ್ನು ಮತ್ತೆ ಓದಿ ಯುಸಿ ಜಿಪಿಎ ಏರಿಸಲಾಗದು. ಡಿ ಅಥವಾ ಎಫ್ ಬಂದಿದ್ದರೆ ಮಾತ್ರ ಆ ಅವಕಾಶ. ಆದ್ದರಿಂದ ಕ್ಯಾಲ್ಕುಲಸ್, ಅಕೌಂಟಿಂಗ್, ಸಂಖ್ಯಾಶಾಸ್ತ್ರ ಮೂರನ್ನೂ ಒಂದೇ ಟರ್ಮ್‌ಗೆ ತುರುಕಬೇಡಿ. ತಳಪಾಯದ ವಿಷಯಗಳನ್ನು, ಶ್ರೇಣಿ ಕೊಡದೆ ಪಾಸ್ ಅಥವಾ ನೋ ಪಾಸ್ ಎಂದಷ್ಟೇ ಬರೆಯುವ ಕ್ರಮದಲ್ಲಿ ಓದಬೇಡಿ.

ಪೋಷಕರಿಗೆ ಒಂದು ಮಾತು. ಹೈಸ್ಕೂಲಿನಲ್ಲಿರುವಾಗಲೇ ಮಕ್ಕಳಿಗೆ ಕಮ್ಯುನಿಟಿ ಕಾಲೇಜಿನ ತರಗತಿ ಕೊಡಿಸುವುದು ನಮ್ಮವರಲ್ಲಿ ಬಹಳ ಸಾಮಾನ್ಯ. ಹದಿನಾರರ ವಯಸ್ಸಿನಲ್ಲಿ ಬಂದ ಆ ಸಿ ಶ್ರೇಣಿ ಕಾಲೇಜಿನ ಶಾಶ್ವತ ದಾಖಲೆಯಲ್ಲಿ ಉಳಿಯುತ್ತದೆ, ಟ್ರಾನ್ಸ್‌ಫರ್ ಅರ್ಜಿಯಲ್ಲೂ ಕಾಣುತ್ತದೆ. ಹಿಂದೆ ಓದಿದ ಕಾಲೇಜು ಯಾವುದೇ ಇರಲಿ, ಅದು ಕರ್ನಾಟಕದ್ದೇ ಇರಲಿ, ಅರ್ಜಿಯಲ್ಲಿ ತಿಳಿಸಲೇಬೇಕು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಪ್ರವೇಶವೇ ರದ್ದಾಗಬಹುದು.

ಹಂತ 6: ಖಾತ್ರಿ ಪ್ರವೇಶವನ್ನು ಬಿಡಬೇಡಿ

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಯುಸಿ ಕ್ಯಾಂಪಸ್‌ಗಳು ಟ್ಯಾಗ್ ಎಂಬ ಖಾತ್ರಿ ಪ್ರವೇಶ ಕೊಡುತ್ತವೆ. ನಿಗದಿತ ವಿಷಯಗಳು, ನಿಗದಿತ ಜಿಪಿಎ ಇದ್ದರೆ ಸ್ಥಾನ ಖಚಿತ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಒಬ್ಬರು ಒಂದು ಕ್ಯಾಂಪಸ್‌ಗೆ ಮಾತ್ರ ಟ್ಯಾಗ್ ಕೇಳಬಹುದು. ಅವಧಿ ಸೆಪ್ಟೆಂಬರ್ 1ರಿಂದ 30. ಯಾವ ಪದವಿಗೆ ಟ್ಯಾಗ್ ಉಂಟು, ಯಾವುದಕ್ಕಿಲ್ಲ ಎನ್ನುವ ಪಟ್ಟಿ ಪ್ರತಿವರ್ಷ ಹೊಸದಾಗಿ ಬರುತ್ತದೆ, ಅದನ್ನು ನೋಡಿಯೇ ಆರಿಸಿ.

ಸಿಎಸ್‌ಯು ಕಡೆ 2010ರ ಕಾನೂನಿನಿಂದ ಬಂದ ಎಡಿಟಿ ಎಂಬ ಎರಡು ವರ್ಷದ ಪದವಿಯಿದೆ. ಬಿಸಿನೆಸ್ ವಿಷಯದಲ್ಲಿ ಇದನ್ನು ಪಡೆದವರಿಗೆ ಸಿಎಸ್‌ಯು ವ್ಯವಸ್ಥೆಯಲ್ಲಿ ಎಲ್ಲಾದರೂ ಮೂರನೆಯ ವರ್ಷಕ್ಕೆ ಸ್ಥಾನ ಸಿಗುತ್ತದೆ, ಮುಂದೆ 60 ಯೂನಿಟ್‌ಗಳಲ್ಲಿ ಪದವಿ ಮುಗಿಯುತ್ತದೆ. ಆದರೆ ನೀವು ಬಯಸಿದ ಕ್ಯಾಂಪಸ್ಸೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಯುಸಿಎಲ್‌ಎ ಮೇಲೆ ಕಣ್ಣಿಟ್ಟವರು ತಮ್ಮ ಕಾಲೇಜಿನ ಆನರ್ಸ್ ಕಾರ್ಯಕ್ರಮ ಅದರ ಟ್ಯಾಪ್ ಒಪ್ಪಂದದಲ್ಲಿದೆಯೇ ಎಂದು ಮೊದಲ ವರ್ಷವೇ ವಿಚಾರಿಸಿ; ಆನರ್ಸ್ ಮುಗಿಸಿದವರ ಅರ್ಜಿಗೆ ಅಲ್ಲಿ ಆದ್ಯತೆಯಿದೆ.

ಹಂತ 7: ಅರ್ಜಿಯ ಕಾಲ

ಯುಸಿ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಸಲ್ಲಿಸುವ ಅವಧಿ ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ. ಸಿಎಸ್‌ಯು ಅರ್ಜಿಯೂ ಅದೇ ಹೊತ್ತಿನದು. ಕೊನೆಯ ದಿನ ವರ್ಷದಿಂದ ವರ್ಷಕ್ಕೆ ಒಂದೆರಡು ದಿನ ಸರಿಯುತ್ತದೆ. ಆ ದಿನದವರೆಗೆ ಕಾಯುವುದೇ ಬೇಡ. ಶುಲ್ಕ ಪ್ರತಿ ಯುಸಿ ಕ್ಯಾಂಪಸ್‌ಗೆ 80 ಡಾಲರ್, ಸಿಎಸ್‌ಯುಗೆ 70. ಕಡಿಮೆ ಆದಾಯದ ಕುಟುಂಬಗಳಿಗೆ ವಿನಾಯಿತಿ ಇದೆ.

ಅರ್ಜಿ ಕಳಿಸಿದ ಮೇಲೂ ಕೆಲಸ ಉಳಿದಿರುತ್ತದೆ. ಜನವರಿಯಲ್ಲಿ ಯುಸಿ ಶೈಕ್ಷಣಿಕ ಪರಿಷ್ಕರಣೆಯನ್ನು ಕೇಳುತ್ತದೆ: ಶರತ್ಕಾಲದ ಶ್ರೇಣಿಗಳು, ವಸಂತಕ್ಕೆ ನೋಂದಾಯಿಸಿದ ವಿಷಯಗಳು. ಇದನ್ನು ಮರೆತರೆ ಒಳ್ಳೆಯ ಅರ್ಜಿಯೂ ಬಿದ್ದುಹೋಗುತ್ತದೆ. ಕೆಲವು ವಿಭಾಗಗಳು ಪೂರಕ ಅರ್ಜಿಯನ್ನೂ ಕೇಳುತ್ತವೆ, ಆ ಸೂಚನೆ ಇಮೇಲ್‌ನಲ್ಲಿ ಮಾತ್ರ ಬರುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೋ ಮೈಸೂರಿಗೋ ರಜೆಗೆ ಬಂದವರು ಇಮೇಲ್ ನೋಡುವುದನ್ನು ಬಿಡಬಾರದು. ಆರ್ಥಿಕ ನೆರವಿನ ಅರ್ಜಿಗೆ ಮಾರ್ಚ್ 2 ಸಾಮಾನ್ಯ ಗಡುವು.

ಹಂತ 8: ಬರವಣಿಗೆಯ ಪ್ರಶ್ನೆಗಳು

ಯುಸಿಯಲ್ಲಿ ಎಸ್‌ಎಟಿ ಅಂಕ ನೋಡುವುದಿಲ್ಲ, ಶಿಫಾರಸು ಪತ್ರವನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ. ಅಂಕಪಟ್ಟಿಯ ಆಚೆಗೆ ನಿಮ್ಮನ್ನು ತೋರಿಸಲು ಇರುವುದು ನಾಲ್ಕು ಉತ್ತರಗಳು, ಒಂದೊಂದು 350 ಪದಗಳೊಳಗೆ. ಒಂದು ಕಡ್ಡಾಯ: ಆರಿಸಿದ ಮುಖ್ಯ ವಿಷಯಕ್ಕೆ ನೀವು ಹೇಗೆ ಸಿದ್ಧರಾಗಿದ್ದೀರಿ ಎನ್ನುವುದು. ಉಳಿದ ಏಳರಲ್ಲಿ ಮೂರನ್ನು ಆರಿಸಿಕೊಳ್ಳಬೇಕು.

ಕಡ್ಡಾಯ ಪ್ರಶ್ನೆಗೆ ಚಿಕ್ಕಂದಿನಿಂದ ಲೆಕ್ಕವೆಂದರೆ ಇಷ್ಟ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಕೈಯಾರೆ ಮಾಡಿದ ಕೆಲಸ ಬೇಕು. ಅಕೌಂಟಿಂಗ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಗೊತ್ತಿಲ್ಲ: ಅಮೆರಿಕದ ಆದಾಯ ತೆರಿಗೆ ಇಲಾಖೆಯಾದ ಐಆರ್‌ಎಸ್ ನಡೆಸುವ ವೀಟಾ ಕಾರ್ಯಕ್ರಮ. ಸ್ವಯಂಸೇವಕರು ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಜನವರಿಯಿಂದ ಏಪ್ರಿಲ್‌ವರೆಗೆ ಕಡಿಮೆ ಆದಾಯದವರ ತೆರಿಗೆ ರಿಟರ್ನ್ ಅನ್ನು ಉಚಿತವಾಗಿ ತುಂಬಿಕೊಡುತ್ತಾರೆ. ಹಲವು ಕಮ್ಯುನಿಟಿ ಕಾಲೇಜುಗಳಲ್ಲೇ ಕೇಂದ್ರಗಳಿವೆ. ಇದನ್ನು ಮೊದಲ ವರ್ಷದ ಜನವರಿಯಲ್ಲೇ ಮಾಡಿ. ಎರಡನೆಯ ವರ್ಷದ ಹೊತ್ತಿಗೆ ಅರ್ಜಿ ಹೋಗಿಬಿಟ್ಟಿರುತ್ತದೆ. ಎದುರು ಕುಳಿತ ಒಬ್ಬರ ದಾಖಲೆಗಳಲ್ಲಿ ಯಾವ ತೊಡಕಿತ್ತು, ಅದನ್ನು ಹೇಗೆ ಬಿಡಿಸಿದಿರಿ, ತರಗತಿಯ ಯಾವ ಪಾಠ ನೆರವಿಗೆ ಬಂತು ಎಂದು, ಅವರ ಗುರುತು ಸಿಗದಂತೆ ಬರೆಯಿರಿ. ಮನೆಯ ಅಂಗಡಿಯ ಲೆಕ್ಕ ನೋಡಿಕೊಂಡದ್ದು, ಕನ್ನಡ ಸಂಘದ ಹಬ್ಬದ ಖರ್ಚುವೆಚ್ಚದ ಪಟ್ಟಿ ಇಟ್ಟದ್ದು ಕೂಡ, ನಿಜವಾಗಿ ಜವಾಬ್ದಾರಿ ಹೊತ್ತಿದ್ದರೆ, ಬರೆಯಲು ಯೋಗ್ಯವೇ. ವಾರಕ್ಕೆ ಇಪ್ಪತ್ತು ಗಂಟೆ ದುಡಿಯುತ್ತಾ ಓದಿದ್ದರೆ ಅದನ್ನು ಸಂಕೋಚವಿಲ್ಲದೆ ಹೇಳಿ. ಓದುವವರಿಗೆ ಅದು ಬೇಕಾದ ಮಾಹಿತಿ.

ಹಂತ 9: ವೀಸಾ, ನಿವಾಸ, ಭಾರತದ ಪದವಿ

ಕೆಲಸದ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳು ಕ್ಯಾಲಿಫೋರ್ನಿಯಾದ ನಿವಾಸಿಗಳೆಂದು ಶುಲ್ಕದ ಮಟ್ಟಿಗೆ ಗುರುತಿಸಿಕೊಳ್ಳಬಹುದು. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಮತ್ತು ಅದು ಬೀಳುವುದು ಸರಿಯಾಗಿ ಟ್ರಾನ್ಸ್‌ಫರ್ ಆದ ಆಸುಪಾಸಿನಲ್ಲಿ. ವಿದ್ಯಾರ್ಥಿ ವೀಸಾ ಆದ ಎಫ್-1ಕ್ಕೆ ಬದಲಾದವರಿಗೆ ನಿವಾಸಿ ದರದ ಪ್ರಶ್ನೆ ಜಟಿಲವಾಗುತ್ತದೆ. ಯುಸಿಯಲ್ಲಿ ಹೊರಗಿನವರು ತೆರಬೇಕಾದ ಹೆಚ್ಚುವರಿ ಶುಲ್ಕ ವರ್ಷಕ್ಕೆ 30 ಸಾವಿರ ಡಾಲರ್‌ಗೂ ಮೇಲೆ. ಎಚ್-4 ಮಕ್ಕಳಿಗೆ ಸಂಬಳದ ಇಂಟರ್ನ್‌ಶಿಪ್ ಮಾಡುವ ಅನುಮತಿಯೂ ಇಲ್ಲ. ಜನ್ಮದಿನವನ್ನು ಯೋಜನೆಯ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡು, ಒಂದು ವರ್ಷ ಮೊದಲೇ ವಲಸೆ ವಕೀಲರನ್ನೂ ವಿಶ್ವವಿದ್ಯಾಲಯದ ನಿವಾಸ ವಿಭಾಗವನ್ನೂ ಕೇಳಿ.

ಮದುವೆಯಾಗಿ ಬಂದ, ಬಿಕಾಂ ಮುಗಿಸಿರುವ ಹೆಣ್ಣುಮಕ್ಕಳು ಈ ದಾರಿಯ ಬಗ್ಗೆ ಆಗಾಗ ಕೇಳುತ್ತಾರೆ. ನಿಮಗೆ ಎರಡನೆಯ ಪದವಿಯ ಅಗತ್ಯ ಬಹುಶಃ ಇಲ್ಲ. ರಾಜ್ಯದ ಅಕೌಂಟೆನ್ಸಿ ಮಂಡಳಿ ಮಾನ್ಯ ಮಾಡಿದ ಸಂಸ್ಥೆಯಿಂದ ಬಿಕಾಂ ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿ, ಕೊರತೆ ಬಿದ್ದ ಅಕೌಂಟಿಂಗ್ ಯೂನಿಟ್‌ಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ತುಂಬಿಕೊಂಡು ಸಿಪಿಎ ಪರೀಕ್ಷೆಯತ್ತ ಹೋಗುವುದು ಅಗ್ಗದ, ನೇರವಾದ ಹಾದಿ. ಮೊದಲೇ ಬಿಡಿ ಎಂದ ಇಂಟರ್‌ಮೀಡಿಯೆಟ್ ಪಾಠಗಳು ನಿಮಗೆ ಉಪಯೋಗಕ್ಕೆ ಬರುವುದು ಇಲ್ಲಿ.

ಹಂತ 10: ಫಲಿತಾಂಶ ಬಂದ ಮೇಲೆ

ಯುಸಿ ನಿರ್ಧಾರಗಳು ಏಪ್ರಿಲ್ ಕೊನೆಯೊಳಗೆ ಬರುತ್ತವೆ, ಒಪ್ಪಿಗೆಗೆ ಗಡುವು ಜೂನ್ 1. ಪ್ರವೇಶ ಷರತ್ತುಬದ್ಧವಾದದ್ದು: ವಸಂತ ಟರ್ಮ್‌ನಲ್ಲಿ ಒಂದು ವಿಷಯವನ್ನು ಹೇಳದೆ ಕೈಬಿಟ್ಟರೆ ಅಥವಾ ಶ್ರೇಣಿ ಕುಸಿದರೆ ಹಿಂತೆಗೆದುಕೊಳ್ಳಬಹುದು. ಅನಿವಾರ್ಯವಾಗಿ ಬದಲಾವಣೆ ಆದರೆ ಕ್ಯಾಂಪಸ್‌ಗೆ ಕೂಡಲೇ ಬರೆದು ತಿಳಿಸಿ. ಅಂತಿಮ ಅಂಕಪಟ್ಟಿಯ ಜೊತೆ ಕ್ಯಾಲ್‌ಗೆಟ್ಸಿ ಪ್ರಮಾಣೀಕರಣವನ್ನೂ ಕಾಲೇಜಿನಿಂದ ಕೇಳಿ ಕಳಿಸಬೇಕು. ಅದು ತಾನಾಗಿ ಹೋಗುವುದಿಲ್ಲ.

ಹಂತ 11: ಹೊಸ ಕ್ಯಾಂಪಸ್‌ನ ಮೊದಲ ವಾರಗಳು

ಅಕೌಂಟಿಂಗ್‌ನಲ್ಲಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಿರುವ ನಿಜವಾದ ಅನನುಕೂಲ ಇದು: ಸಂಸ್ಥೆಗಳು ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಆಯ್ಕೆ ಶುರು ಮಾಡುವುದು ಶರತ್ಕಾಲದ ಆರಂಭದಲ್ಲೇ, ಕೆಲವೊಮ್ಮೆ ಇನ್ನೂ ಮೊದಲು. ನಾಲ್ಕು ವರ್ಷ ಅಲ್ಲೇ ಇರುವವರಿಗೆ ಸಂಸ್ಥೆಗಳ ಪರಿಚಯ ಆಗಲೇ ಆಗಿರುತ್ತದೆ. ನೀವು ತರಗತಿಯ ಕೊಠಡಿ ಹುಡುಕುತ್ತಿರುತ್ತೀರಿ. ಹಾಗಾಗಿ ಸ್ವವಿವರವನ್ನು ಜೂನ್‌ನಲ್ಲೇ ಸಿದ್ಧಮಾಡಿ, ವೃತ್ತಿ ಕೇಂದ್ರದ ಖಾತೆಯನ್ನು ಪ್ರವೇಶ ಸಿಕ್ಕ ಕೂಡಲೇ ತೆರೆಯಿರಿ. 1919ರಲ್ಲಿ ಶುರುವಾದ ಬೀಟಾ ಆಲ್ಫಾ ಸೈ ಎಂಬ ಅಕೌಂಟಿಂಗ್ ವಿದ್ಯಾರ್ಥಿ ಸಂಘದ ಶಾಖೆ ಕ್ಯಾಂಪಸ್‌ನಲ್ಲಿದ್ದರೆ ಅದರ ಮೊದಲ ಸಭೆಗೇ ಹೋಗಿ. ಸಂಸ್ಥೆಗಳ ಪ್ರತಿನಿಧಿಗಳು ಅಲ್ಲಿಗೆ ಬರುತ್ತಾರೆ. ಇಂಟರ್‌ಮೀಡಿಯೆಟ್ ಅಕೌಂಟಿಂಗ್ ಅನ್ನು ಮೊದಲ ಟರ್ಮ್‌ನಲ್ಲೇ ತೆಗೆದುಕೊಳ್ಳಿ. ಅದರ ಹಿಂದೆ ಲೆಕ್ಕಪರಿಶೋಧನೆ ಮೊದಲಾದ ಪಾಠಗಳು ಸಾಲಾಗಿ ನಿಂತಿರುವುದರಿಂದ, ಅದು ತಡವಾದರೆ ಎರಡು ವರ್ಷದಲ್ಲಿ ಮುಗಿಯಬೇಕಾದ್ದು ಮೂರಕ್ಕೆ ಹೋಗುತ್ತದೆ.

ಸಿಪಿಎ ಪರವಾನಗಿಗೆ ಬಹುಕಾಲ 150 ಸೆಮಿಸ್ಟರ್ ಯೂನಿಟ್ ಬೇಕೆಂಬ ನಿಯಮವಿತ್ತು. ಪದವಿಗೆ ಬೇಕಾದದ್ದು ಸುಮಾರು 120. ಒಹಾಯೊ ಮೊದಲಾದ ರಾಜ್ಯಗಳು 2025ರಿಂದೀಚೆಗೆ ಪದವಿ ಮತ್ತು ಎರಡು ವರ್ಷದ ಅನುಭವದ ಇನ್ನೊಂದು ದಾರಿಯನ್ನು ಕಾನೂನಿಗೆ ತಂದಿವೆ. ಕ್ಯಾಲಿಫೋರ್ನಿಯಾ ಅಕೌಂಟೆನ್ಸಿ ಮಂಡಳಿಯ ಜಾಲತಾಣದಲ್ಲಿ ನಿಮ್ಮ ಪದವಿಯ ವರ್ಷಕ್ಕೆ ಅನ್ವಯಿಸುವ ನಿಯಮವನ್ನು ಓದಿ. ಹೆಚ್ಚುವರಿ ಯೂನಿಟ್ ಬೇಕಾಗಿ ಬಂದರೆ ದುಬಾರಿ ಐದನೆಯ ವರ್ಷಕ್ಕೆ ಸಾಲ ಮಾಡುವ ಮೊದಲು, 46 ಡಾಲರ್ ದರದಲ್ಲಿ ಅವು ನಿಮ್ಮ ಹಳೆಯ ಕಾಲೇಜಿನಲ್ಲೇ ಸಿಗುತ್ತವೆಯೇ ಎಂದು ವಿಚಾರಿಸಿ.